ಪಾಟೀಸವಾಲಿಲ್ಲದ ಸಾಕ್ಷಿ

ಡಾಕ್ಯುಮೆಂಟರಿಗೆ ಕನ್ನಡದಲ್ಲಿ ಸಾಕ್ಷ್ಯಚಿತ್ರ ಎಂಬ ಹೆಸರು ನಿಂತುಬಿಟ್ಟಿದೆ. ಹೆಸರಿನಲ್ಲೇ ಕೋರ್ಟು ಕಚೇರಿಯ ವಾಸನೆ. ಕಥಾಚಿತ್ರವೆಂದರೆ ಕಟ್ಟಿದ ಕಥೆ, ಸಾಕ್ಷ್ಯಚಿತ್ರವೆಂದರೆ ಕಣ್ಣಾರೆ ಕಂಡದ್ದು ಎಂಬ ನಂಬಿಕೆಯ ಅರ್ಧಪಾಲನ್ನು ಆ ಪದವೇ ಹುಟ್ಟಿಸುತ್ತದೆ. ಆದರೆ ಕೋರ್ಟಿನ ಸಾಕ್ಷಿಯ ಪಾಡು ಬೇರೆ. ಕಟಕಟೆ ಹತ್ತಿದವನು ಪ್ರಮಾಣ ಮಾಡಬೇಕು, ಹೇಳಿ ಮುಗಿಸಿದ ಮೇಲೆ ಎದುರು ವಕೀಲರ ಪಾಟೀಸವಾಲಿಗೆ ನಿಲ್ಲಬೇಕು. ತೆರೆಯ ಮೇಲಿನ ಸಾಕ್ಷಿಗೆ ಪಾಟೀಸವಾಲು ಇಲ್ಲ. ಆತ ಒಂದು ಗಂಟೆ ಮಾತಾಡಿದ್ದರಲ್ಲಿ ಯಾವ ಇಪ್ಪತ್ತು ಸೆಕೆಂಡು ಉಳಿಯಬೇಕು, ಅದರ ಹಿಂದೆ ಯಾವ ದೃಶ್ಯ ಬರಬೇಕು, ಮುಂದೆ ಯಾವುದು ಎಂಬುದನ್ನೆಲ್ಲ ತೀರ್ಮಾನಿಸುವವರು ಬೇರೆ. ಪಕ್ಷಪಾತ ಹುಟ್ಟುವುದು ಆ ತೀರ್ಮಾನಗಳಲ್ಲಿ.

ಕರಾವಳಿಯವರಿಗೆ ಇದನ್ನು ತಾಳಮದ್ದಲೆಯ ಮೂಲಕ ಹೇಳಿದರೆ ಬೇಗ ಅರ್ಥವಾದೀತು. ವಾಲಿವಧೆಯ ಪ್ರಸಂಗದಲ್ಲಿ ವಾಲಿಯ ಅರ್ಥ ಹೇಳುವವರು ಗಟ್ಟಿಗರಾದರೆ ಸಭೆ ಪೂರ್ತಿ ಅವನ ಕಡೆ ವಾಲುತ್ತದೆ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನೇ ತಪ್ಪಿತಸ್ಥನಂತೆ ಕಾಣುತ್ತಾನೆ. ಹಾಗೆ ಸಭೆಯನ್ನು ಒಲಿಸಿಕೊಳ್ಳುವುದನ್ನು ಯಾರೂ ಮೋಸ ಅನ್ನುವುದಿಲ್ಲ. ಎದುರಿಗೆ ರಾಮನ ಅರ್ಥಧಾರಿ ಕೂತಿದ್ದಾರೆ, ಅವರಿಗೂ ಬಾಯಿದೆ, ಉತ್ತರ ಬಂದೇ ಬರುತ್ತದೆ. ಸಾಕ್ಷ್ಯಚಿತ್ರದಲ್ಲಿ ವಾಲಿಯ ಅರ್ಥವನ್ನೂ ರಾಮನ ಅರ್ಥವನ್ನೂ ಒಬ್ಬರೇ ಹೇಳುತ್ತಾರೆ. ಭಾಗವತಿಕೆಯೂ ಅವರದೇ.

ಪಕ್ಷಪಾತ ಎಂದರೆ ಸುಳ್ಳು ಹೇಳುವುದು ಎಂದು ತಿಳಿದರೆ ದಾರಿ ತಪ್ಪುತ್ತದೆ. ಹಸಿ ಸುಳ್ಳಿನ ಸಾಕ್ಷ್ಯಚಿತ್ರಗಳು ಅಪರೂಪ, ಅವು ಸಿಕ್ಕಿಬೀಳುವುದೂ ಸುಲಭ. ಪ್ರತಿ ಚಿತ್ರಿಕೆಯೂ ನಿಜ, ಪ್ರತಿ ಮಾತೂ ನಿಜ, ಆದರೂ ಒಟ್ಟು ಚಿತ್ರ ಒಂದೇ ಕಡೆಗೆ ತಳ್ಳುತ್ತದೆ. ಹೆಚ್ಚಿನ ಪಕ್ಷಪಾತ ಇರುವುದೇ ಈ ಬಗೆಯದು. ಇದನ್ನು ಬಿಡಿಸಿ ನೋಡಲು ಕಾರವಾರದಿಂದ ಅಂಕೋಲೆಯವರೆಗಿನ ನೆಲಕ್ಕಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಸಿಗುವುದು ಕಷ್ಟ. ಹೆದ್ದಾರಿ 66ರಲ್ಲಿ ಎರಡು ಪಟ್ಟಣಗಳ ನಡುವೆ ಇರುವುದು ಸುಮಾರು ಮೂವತ್ತೈದು ಕಿಲೋಮೀಟರ್. ಅಷ್ಟರೊಳಗೆ ಒಂದು ನೌಕಾನೆಲೆ. ಕಾಳಿ ನದಿಯ ಗುಂಟ ಒಳಕ್ಕೆ ಹೋದರೆ ಕೈಗಾ ಅಣುಸ್ಥಾವರ. ಅಂಕೋಲೆಯ ಸುತ್ತ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳು, ದಕ್ಷಿಣಕ್ಕೆ ಗಂಗಾವಳಿ ದಂಡೆಯ ಶಿರೂರು. ಇವೆಲ್ಲದರ ಮುಂದೆಯೂ ಕ್ಯಾಮೆರಾಗಳು ಬಂದು ನಿಂತಿವೆ. ಕೆಲವು ಕಡೆ ಒಳಗೆ, ಕೆಲವು ಕಡೆ ಬೇಲಿಯಾಚೆ.

ಬೇಲಿಯಿಂದಲೇ ಶುರುಮಾಡಬಹುದು. ಚಿತ್ರದ ಪಕ್ಷ ಯಾವುದೆಂದು ಸಂಕಲನದ ಮೇಜಿನ ಮೇಲೆ ನಿರ್ಧಾರವಾಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಅದು ಎಷ್ಟೋ ಸಲ ಗೇಟಿನಲ್ಲೇ ನಿರ್ಧಾರವಾಗಿರುತ್ತದೆ. ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ರಾಜೀವ್ ಗಾಂಧಿ 1986ರ ಅಕ್ಟೋಬರ್ 24ರಂದು ಅಡಿಗಲ್ಲು ಹಾಕಿದರು. ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ನೌಕಾಪಡೆಯ ಸೇವೆಗೆ ಸೇರಿದ್ದು 2005ರ ಮೇ 31ರಂದು. ಈ ನಡುವೆ ಅರಗಾ, ಬಿಣಗಾ ಮೊದಲಾದ ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಬಲೆ ಒಣಗಿಸುತ್ತಿದ್ದ ಕಡಲತೀರ ಬಿಟ್ಟು ಹೋದವು. ಇಂದು ಆ ತೀರವನ್ನು ಚಿತ್ರೀಕರಿಸಬೇಕೆಂದರೆ ಸಾಮಾನ್ಯ ನಿರ್ದೇಶಕನಿಗೆ ಅವಕಾಶವಿಲ್ಲ. ರಕ್ಷಣಾ ನೆಲೆ ನಿಷೇಧಿತ ಸ್ಥಳ. 1923ರ ಅಧಿಕೃತ ರಹಸ್ಯ ಕಾಯ್ದೆ ಅಲ್ಲಿಗೆ ಅನ್ವಯಿಸುತ್ತದೆ, ಡ್ರೋನ್ ಹಾರಿಸಿದರೆ ಬೇರೆಯೇ ಕೇಸು. ನಿಷೇಧಕ್ಕೆ ಸಕಾರಣವಿದೆ, ಅದರ ಬಗ್ಗೆ ತಕರಾರಿಲ್ಲ. ಚಿತ್ರದ ಮಟ್ಟಿಗೆ ಆಗುವ ಪರಿಣಾಮ ಮಾತ್ರ ಬೇರೆ. ಒಳಗಿನ ದೃಶ್ಯಗಳೆಲ್ಲ ನೌಕಾಪಡೆ ತಾನೇ ತೆಗೆದವು ಇಲ್ಲವೇ ಅದರ ಅನುಮತಿಯಿಂದ ತೆಗೆದವು. ವಿಮಾನವಾಹಕ ಹಡಗು, ಹಡಗನ್ನು ನೀರಿನಿಂದ ಎತ್ತಿ ದಂಡೆಗೆ ಸಾಗಿಸುವ ಶಿಪ್‌ಲಿಫ್ಟ್, ಬಿಳಿ ಸಮವಸ್ತ್ರದ ಸಾಲು, ಎಲ್ಲವೂ ನೋಡಲು ಭವ್ಯ. ಊರು ಬಿಟ್ಟವರ ಕಥೆ ಹೇಳಲು ಹೊರಟವರಿಗೆ ಉಳಿಯುವುದು ಪುನರ್ವಸತಿ ಕಾಲೋನಿಯ ಜಗಲಿ, ಒಬ್ಬ ಅಜ್ಜಿ, ಗೋಡೆಯ ಮೇಲಿನ ಹಳೆಯ ಫೋಟೋ. ಒಂದು ಚಿತ್ರಕ್ಕೆ ಕಡಲು ಸಿಗುತ್ತದೆ, ಇನ್ನೊಂದಕ್ಕೆ ನೆನಪು ಸಿಗುತ್ತದೆ. ನೋಡುವವನ ಕಣ್ಣಿಗೆ ಮೊದಲನೆಯದು ಸತ್ಯಸಂಗತಿ, ಎರಡನೆಯದು ಭಾವುಕತೆ ಅನ್ನಿಸುತ್ತದೆ. ಇಬ್ಬರೂ ನಿರ್ದೇಶಕರು ಅಷ್ಟೇ ಪ್ರಾಮಾಣಿಕರಾಗಿದ್ದರೂ ಇದು ತಪ್ಪದು.

ಗೇಟು ದಾಟಿದ ಮೇಲೆ ಮಾತಿನ ಸರದಿ. ಸೀಬರ್ಡ್‌ಗಾಗಿ ಊರು ಬಿಟ್ಟವರನ್ನು ಜಿಲ್ಲೆಯ ಜನ, ಪತ್ರಿಕೆಗಳು ಕರೆಯುವುದು ಸೀಬರ್ಡ್ ನಿರಾಶ್ರಿತರು ಎಂದು. ಸರ್ಕಾರಿ ಕಡತದಲ್ಲಿ ಅವರು ಯೋಜನಾ ಸಂತ್ರಸ್ತರು. ಪರಿಹಾರದ ಚೆಕ್ಕು ಕೊಡುವ ದಿನ ಫಲಾನುಭವಿಗಳು. ಮೂರೂ ಪದ ಒಂದೇ ಮನುಷ್ಯನನ್ನು ಸೂಚಿಸುತ್ತವೆ, ಆದರೆ ಮೊದಲನೆಯದರಲ್ಲಿ ಆತ ಏನನ್ನೋ ಕಳೆದುಕೊಂಡವನು, ಕೊನೆಯದರಲ್ಲಿ ಏನನ್ನೋ ಪಡೆದವನು. ಹಿನ್ನೆಲೆ ದನಿ ಇವುಗಳಲ್ಲಿ ಯಾವುದನ್ನು ಆರಿಸಿತು ಎಂಬುದರಲ್ಲೇ ಚಿತ್ರದ ನಿಲುವು ಗೊತ್ತಾಗುತ್ತದೆ. ಅಡಿಬರಹದಲ್ಲಿ ಆಗುವುದು ಇನ್ನೂ ಸೂಕ್ಷ್ಮ. ಹಳ್ಳಿಯ ಹೆಂಗಸೊಬ್ಬಳು ‘ನಮ್ಮನ್ನ ಎಬ್ಬಿಸಿದ್ರು’ ಅನ್ನುತ್ತಾಳೆ ಎಂದುಕೊಳ್ಳಿ. ಕೆಳಗೆ ‘ಗ್ರಾಮಸ್ಥರನ್ನು ಸ್ಥಳಾಂತರಿಸಲಾಯಿತು’ ಎಂಬ ಸಾಲು ಮೂಡುತ್ತದೆ. ಅರ್ಥ ಸರಿಯಾಗಿಯೇ ಇದೆ. ಆದರೆ ಆಕೆಯ ಮಾತಿನಲ್ಲಿ ಎಬ್ಬಿಸಿದವರು ಇದ್ದರು, ಕೂತಲ್ಲಿಂದ ಎದ್ದವರೂ ಇದ್ದರು. ಅಡಿಬರಹದಲ್ಲಿ ಇಬ್ಬರೂ ಇಲ್ಲ, ಒಂದು ಕ್ರಿಯೆ ತಾನಾಗಿ ನಡೆದುಹೋಗಿದೆ. ಕೊಂಕಣಿ ಆಡುವ ಮೀನುಗಾರರ ಮಾತು, ಹಾಲಕ್ಕಿಗಳ ಕನ್ನಡ, ಇವೆಲ್ಲ ಗ್ರಂಥಸ್ಥ ಕನ್ನಡಕ್ಕೋ ಇಂಗ್ಲಿಷಿಗೋ ದಾಟುವಾಗ ಹೀಗೆ ಪ್ರತಿ ಸಾಲಿನಲ್ಲೂ ಸ್ವಲ್ಪ ಸ್ವಲ್ಪ ಸೋರುತ್ತದೆ.

ಬಿಟ್ಟುಬಿಡುವುದು ಸಾಕ್ಷ್ಯಚಿತ್ರದ ಅತಿ ಬಲವಾದ ಅಸ್ತ್ರ, ಅದಕ್ಕೆ ಕೈಗಾದಷ್ಟು ಚೆಂದದ ಉದಾಹರಣೆ ಇಲ್ಲ. 1994ರ ಮೇ 13ರಂದು, ಕಟ್ಟುತ್ತಿದ್ದ ಸ್ಥಾವರದ ಒಳಗುಮ್ಮಟದ ಕಾಂಕ್ರೀಟು ಪದರ ಪದರವಾಗಿ ಬಿರಿದು ಕುಸಿಯಿತು. ವಿಕಿರಣ ಹೊರಹೋಗದಂತೆ ತಡೆಯಬೇಕಾದ ಗುಮ್ಮಟವೇ ಬಿದ್ದದ್ದು. ಈ ಒಂದು ದೃಶ್ಯದಿಂದ ಚಿತ್ರ ಶುರುಮಾಡಿ, 1989ರ ಚುನಾವಣೆಯಲ್ಲಿ ಪರಿಸರದ ಪರವಾಗಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತ ಶಿವರಾಮ ಕಾರಂತರನ್ನು ತಂದು, 2009ರಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತು ಹಲವು ಕೆಲಸಗಾರರ ದೇಹ ಸೇರಿದ ಪ್ರಕರಣಕ್ಕೆ ಬಂದು ನಿಲ್ಲಿಸಿದರೆ ನೋಡುಗ ನಡುಗುತ್ತಾನೆ. ಎಲ್ಲವೂ ನಡೆದದ್ದೇ. ಗುಮ್ಮಟ ಬಿದ್ದಾಗ ಸ್ಥಾವರಕ್ಕೆ ಇಂಧನವನ್ನೇ ತುಂಬಿರಲಿಲ್ಲ, ಹಾಗಾಗಿ ವಿಕಿರಣ ಸೋರುವ ಪ್ರಶ್ನೆಯೇ ಇರಲಿಲ್ಲ ಎಂಬ ಒಂದು ವಾಕ್ಯ ಮಾತ್ರ ಬಿಟ್ಟುಹೋಗಿದೆ.

ಇನ್ನೊಂದು ಚಿತ್ರವನ್ನು 2018ರ ಡಿಸೆಂಬರ್ 31ರಿಂದ ಶುರುಮಾಡಬಹುದು. ಅಂದು ಕೈಗಾದ ಒಂದನೇ ಘಟಕ 962 ದಿನ ಒಂದೇ ಸಮನೆ ನಡೆದು ನಿಂತಿತು. ಅದು ಆಗಿನ ವಿಶ್ವದಾಖಲೆ. ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕ, ಸುತ್ತ ದಟ್ಟ ಕಾಡು, ಸ್ಥಾವರದ ಆಸುಪಾಸಿನಲ್ಲಿ ವರ್ಷವರ್ಷ ನಡೆಯುವ ಹಕ್ಕಿಗಳ ಎಣಿಕೆ, ಕೊಂಬೆಯ ಮೇಲೆ ಕೂತ ಮಂಗಟ್ಟೆ. ಇದರಲ್ಲೂ ಒಂದು ಸುಳ್ಳಿಲ್ಲ. 1994 ಎಂಬ ಇಸವಿಯೊಂದು ಕಾಣೆಯಾಗಿದೆ, ಅಷ್ಟೆ. ಹಕ್ಕಿಗಳು ಕೂಗುತ್ತಿವೆ ಎಂಬುದು ಸ್ಥಾವರ ಸುರಕ್ಷಿತ ಎಂಬುದಕ್ಕೆ ಪುರಾವೆಯಲ್ಲ. ಆದರೆ ಪುರಾವೆಯ ಜಾಗದಲ್ಲಿ ಆ ಕೂಗನ್ನು ಇಟ್ಟರೆ ಕಿವಿ ಅದನ್ನು ಪುರಾವೆಯೆಂದೇ ತೆಗೆದುಕೊಳ್ಳುತ್ತದೆ. ಇನ್ನೂ ಒಂದು ತೊಡಕಿದೆ. ಕೈಗಾದ ದಾಖಲೆಯನ್ನು ಎರಡು ವರ್ಷದೊಳಗೆ ಕೆನಡಾದ ಡಾರ್ಲಿಂಗ್ಟನ್ ಘಟಕ ಮುರಿಯಿತು. 2019ರಲ್ಲಿ ನಿಜ ಹೇಳುತ್ತಿದ್ದ ಚಿತ್ರ 2021ರಲ್ಲಿ ಅದೇ ವಾಕ್ಯದಿಂದ ತಪ್ಪು ಹೇಳುತ್ತದೆ. ಪತ್ರಿಕೆಗೆ ಮರುದಿನದ ತಿದ್ದುಪಡಿಯಾದರೂ ಇದೆ. ಒಮ್ಮೆ ಮುಗಿದ ಚಿತ್ರವನ್ನು ಯಾರೂ ಮತ್ತೆ ಬಿಚ್ಚುವುದಿಲ್ಲ.

ಹಾಗಾದರೆ ಎರಡೂ ಕಡೆಗೆ ಸಮಪಾಲು ಕೊಟ್ಟರಾಯಿತಲ್ಲ ಎಂಬುದು ಸಹಜವಾಗಿ ಬರುವ ಸಲಹೆ. ಇದು ಅಷ್ಟು ಸರಳವಲ್ಲ. ಎಂಜಿನಿಯರಿಗೆ ಐದು ನಿಮಿಷ, ಕಾಳಿ ದಂಡೆಯ ರೈತನಿಗೆ ಐದು ನಿಮಿಷ ಕೊಟ್ಟರು ಎಂದಿಟ್ಟುಕೊಳ್ಳೋಣ. ಎಂಜಿನಿಯರು ಕೂತಿರುವುದು ಕುರ್ಚಿಯಲ್ಲಿ, ಹಿಂದೆ ಗೋಡೆಯ ತುಂಬ ನಕಾಶೆ, ಕಾಲರಿಗೆ ಸಿಕ್ಕಿಸಿದ ಮೈಕಿನಲ್ಲಿ ದನಿ ಸ್ಫಟಿಕದಂತೆ. ರೈತ ನಿಂತಿರುವುದು ಬಿಸಿಲಿನಲ್ಲಿ, ಕಣ್ಣು ಕಿರಿದಾಗಿದೆ, ಗಾಳಿಯ ಸದ್ದಿಗೆ ಅರ್ಧ ಮಾತು ಕೇಳುವುದಿಲ್ಲ, ಕ್ಯಾಮೆರಾ ಸ್ವಲ್ಪ ಮೇಲಿನಿಂದ ಅವನನ್ನು ನೋಡುತ್ತಿದೆ. ಒಬ್ಬರ ಹೆಸರಿನ ಕೆಳಗೆ ಹುದ್ದೆ ಬರುತ್ತದೆ, ಇನ್ನೊಬ್ಬರ ಹೆಸರಿನ ಕೆಳಗೆ ‘ಗ್ರಾಮಸ್ಥ’. ಇಷ್ಟಾದ ಮೇಲೆ ಸಮಯದ ಸಮಪಾಲಿಗೆ ಏನು ಬೆಲೆ? ಅಥವಾ ಎಲ್ಲವೂ ಸಮವಾಗಿದ್ದು, ಕೊನೆಯ ಮಾತು ರೈತನದಾಗಿ, ಅದರ ನಂತರ ಐದು ಸೆಕೆಂಡು ಮೌನ, ಆಮೇಲೆ ಕೊಳಲು. ಆಗ ತಕ್ಕಡಿ ಆ ಕಡೆಗೆ ಬಾಗುತ್ತದೆ. ಕೊನೆಯ ಮಾತು ಯಾರದು ಎಂಬುದನ್ನು ಗಡಿಯಾರ ಅಳೆಯುವುದಿಲ್ಲ.

ದನಿಯ ಮಾತು ಬಂದಾಗ ಫಿಲ್ಮ್ಸ್ ಡಿವಿಷನ್ ನೆನಪಾಗಲೇಬೇಕು. 1948ರಲ್ಲಿ ಹುಟ್ಟಿದ ಈ ಸರ್ಕಾರಿ ಸಂಸ್ಥೆಯ ಚಿತ್ರಗಳನ್ನು ದಶಕಗಳ ಕಾಲ ದೇಶದ ಪ್ರತಿ ಟಾಕೀಸು ಮುಖ್ಯ ಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸಬೇಕಿತ್ತು, ಅದಕ್ಕೆ ಬಾಡಿಗೆಯನ್ನೂ ಕಟ್ಟಬೇಕಿತ್ತು. ಸೀಟು ಹುಡುಕುವ, ಶೇಂಗಾ ಸುಲಿಯುವ ಹೊತ್ತಿನಲ್ಲಿ ತೆರೆಯ ಮೇಲೆ ಅಣೆಕಟ್ಟು ಏಳುತ್ತಿತ್ತು, ಗೋಧಿಯ ತೆನೆ ತೂಗುತ್ತಿತ್ತು, ಎಲ್ಲಿಂದಲೋ ಬಂದ ಗಂಭೀರ ಗಂಡುದನಿ ದೇಶ ಮುನ್ನಡೆಯುತ್ತಿದೆ ಎಂದು ತಿಳಿಸುತ್ತಿತ್ತು. ಆ ದನಿಗೆ ಮುಖವಿಲ್ಲ, ಊರಿಲ್ಲ, ಜಾತಿಯಿಲ್ಲ. ಆದ್ದರಿಂದಲೇ ಅದಕ್ಕೆ ಆಕಾಶವಾಣಿಯ ಅಧಿಕಾರ. ಸಂಸ್ಥೆಯ ಎಲ್ಲ ಚಿತ್ರಗಳೂ ಹಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ ‘ಐ ಆಮ್ 20’ ಮಾಡಿದಾಗ, ಸ್ವಾತಂತ್ರ್ಯದ ದಿನ ಹುಟ್ಟಿದ ಯುವಕ ಯುವತಿಯರನ್ನು ಮಾತಾಡಿಸಿ ಅವರ ಹೆಮ್ಮೆಯನ್ನೂ ಬೇಸರವನ್ನೂ ಎರಡನ್ನೂ ಹಾಗೇ ಉಳಿಸಿದರು. ಸರ್ಕಾರದ ದುಡ್ಡಿನಲ್ಲೇ. 2022ರಲ್ಲಿ ಫಿಲ್ಮ್ಸ್ ಡಿವಿಷನ್ ಎನ್‌ಎಫ್‌ಡಿಸಿಯೊಳಗೆ ವಿಲೀನವಾಯಿತು. ಮುಖವಿಲ್ಲದ ಆ ದನಿ ಮಾತ್ರ ಇಂದಿಗೂ ಇಲಾಖೆ, ಕಂಪನಿ, ಎನ್‌ಜಿಒ ಎಂಬ ಭೇದವಿಲ್ಲದೆ ಎಲ್ಲರ ಚಿತ್ರಗಳಲ್ಲೂ ಬಾಳುತ್ತಿದೆ.

ದನಿಯೊಂದು ದೃಶ್ಯವನ್ನು ಎಷ್ಟರಮಟ್ಟಿಗೆ ತಿರುಗಿಸಬಲ್ಲದು ಎಂದು ಬಯಲಾಗಿ ತೋರಿಸಿದವರು ಫ್ರಾನ್ಸಿನ ಕ್ರಿಸ್ ಮಾರ್ಕರ್. 1957ರ ‘ಲೆಟರ್ ಫ್ರಮ್ ಸೈಬೀರಿಯಾ’ದಲ್ಲಿ ಯಾಕುಟ್ಸ್ಕ್ ನಗರದ ಒಂದು ಬಸ್ಸು, ರಸ್ತೆ ಸಮ ಮಾಡುವ ಕೆಲಸಗಾರರು, ದಾರಿಹೋಕನೊಬ್ಬ, ಇಷ್ಟನ್ನು ಮೂರು ಬೇರೆ ಬೇರೆ ನಿರೂಪಣೆಯೊಂದಿಗೆ ಮತ್ತೆ ಮತ್ತೆ ತೋರಿಸುತ್ತಾರೆ. ಮೊದಲನೆಯದು ಸೋವಿಯತ್ತಿನ ಹೊಗಳಿಕೆ, ಎರಡನೆಯದು ನಿಂದೆ, ಮೂರನೆಯದು ತಟಸ್ಥ. ದೃಶ್ಯ ಒಂದೇ. ತಮಾಷೆಯೆಂದರೆ ತಟಸ್ಥ ನಿರೂಪಣೆಯೂ ಪೂರ್ತಿ ನಂಬುವಂತೆ ಕೇಳಿಸುವುದಿಲ್ಲ.

ಇದನ್ನೇ ಕಾರವಾರದ ಮೀನು ಮಾರುಕಟ್ಟೆಗೆ ತಂದು ನೋಡಬಹುದು. ಬೆಳಗಿನ ಹೊತ್ತು; ಹೆಂಗಸೊಬ್ಬಳು ಬುಟ್ಟಿಯಿಂದ ಬಂಗುಡೆ ತೆಗೆದು ನೆಲದ ಮೇಲೆ ಪಾಲು ಹಾಕುತ್ತಿದ್ದಾಳೆ. ನೀರು ಚಿಮುಕಿಸುತ್ತಾಳೆ, ನೊಣ ಓಡಿಸುತ್ತಾಳೆ, ಒಮ್ಮೆ ತಲೆಯೆತ್ತಿ ಕ್ಯಾಮೆರಾದ ಕಡೆ ನೋಡುತ್ತಾಳೆ. ‘ಶೀತಲ ಗೃಹವಿಲ್ಲ, ಹರಾಜು ಕಟ್ಟೆಯಿಲ್ಲ, ಆಧುನಿಕ ಬಂದರಿಗಾಗಿ ಕಾಯುತ್ತಿದೆ ಈ ತೀರ’ ಎಂದರೆ ಆಕೆಯ ನೋಟದಲ್ಲಿ ನಿರೀಕ್ಷೆ ಕಾಣುತ್ತದೆ. ‘ತಲೆಮಾರುಗಳಿಂದ ಈ ಕಡಲನ್ನೇ ನಂಬಿದವರು, ನಾಳೆ ಇದು ಉಳಿಯುವುದೋ ಇಲ್ಲವೋ’ ಎಂದರೆ ಅದೇ ನೋಟದಲ್ಲಿ ದಿಗಿಲು ಕಾಣುತ್ತದೆ. ಆಕೆ ನೋಡಿದ್ದು ಬಹುಶಃ ಕ್ಯಾಮೆರಾದವನು ಗಿರಾಕಿಗೆ ಅಡ್ಡ ನಿಂತಿದ್ದಾನೆ ಎಂದು. 2020ರ ಜನವರಿಯಲ್ಲಿ ಕಾರವಾರ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆ ವಿರೋಧಿಸಿ ಮೀನುಗಾರರು ಬೀದಿಗಿಳಿದಾಗ, ಆಮೇಲೆ ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರಿನ ಯೋಜನೆಗೆ ಪ್ರತಿಭಟನೆ ಎದ್ದಾಗ, ಈ ಎರಡು ಬಗೆಯ ನಿರೂಪಣೆಗಳೂ ಫೋನಿನಿಂದ ಫೋನಿಗೆ ಹರಿದಾಡಿದವು. ಹೊಸ ಯೋಜನೆಗಳಿಗೆಂದು ತಯಾರಾಗುವ ಕಂಪ್ಯೂಟರ್ ಚಿತ್ರಗಳದ್ದು ಇನ್ನೊಂದು ಲೋಕ. ಅಲ್ಲಿ ಕಡಲು ಸದಾ ನೀಲಿ, ಮಳೆಗಾಲ ಬರುವುದೇ ಇಲ್ಲ, ಪಾತಿದೋಣಿ ಒಂದೂ ಇಲ್ಲ.

ಇನ್ನು ಹೂಡಿಸಿದ ದೃಶ್ಯಗಳು. ಇವುಗಳ ವಯಸ್ಸು ಸಿನಿಮಾದಷ್ಟೇ. 1895ರಲ್ಲಿ ಲ್ಯೂಮಿಯೇರ್ ಸಹೋದರರು ತಮ್ಮ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದನ್ನು ತೆಗೆದ ಪುಟ್ಟ ಚಿತ್ರಕ್ಕೆ ಮೂರು ಆವೃತ್ತಿಗಳಿವೆ. ಒಂದರಲ್ಲಿ ಗಾಡಿಗೆ ಒಂದು ಕುದುರೆ, ಒಂದರಲ್ಲಿ ಎರಡು, ಇನ್ನೊಂದರಲ್ಲಿ ಕುದುರೆಯೇ ಇಲ್ಲ. ಅಂದರೆ ಜನರನ್ನು ಮತ್ತೆ ಒಳಗೆ ಕಳಿಸಿ ಮತ್ತೆ ಹೊರಗೆ ಕರೆಸಿದ್ದಾರೆ. ರಾಬರ್ಟ್ ಫ್ಲಾಹರ್ಟಿ 1922ರ ‘ನಾನೂಕ್ ಆಫ್ ದ ನಾರ್ತ್’ನಲ್ಲಿ ಮಂಜಿನ ಮನೆಯನ್ನು ಅರ್ಧಕ್ಕೇ ತೆರೆದಿಟ್ಟು ಕಟ್ಟಿಸಿದರು, ಒಳಗೆ ಬೆಳಕು ಸಾಲದು ಎಂದು. ಬಂದೂಕು ಬಳಸುತ್ತಿದ್ದ ಬೇಟೆಗಾರನ ಕೈಗೆ ಅಜ್ಜನ ಕಾಲದ ಭರ್ಜಿ ಕೊಟ್ಟರು. ಡಿಸ್ನಿಯ ‘ವೈಟ್ ವೈಲ್ಡರ್ನೆಸ್’ 1958ರಲ್ಲಿ ಲೆಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಗುಂಪಾಗಿ ಬೆಟ್ಟದಂಚಿನಿಂದ ಹಾರುವುದನ್ನು ತೋರಿಸಿ ಆಸ್ಕರ್ ಗೆದ್ದಿತು. ಚಿತ್ರತಂಡವೇ ಅವುಗಳನ್ನು ತಂದು ತಳ್ಳಿತ್ತು ಎಂದು ಕೆನಡಾದ ಟಿವಿ ಕಾರ್ಯಕ್ರಮವೊಂದು 1982ರಲ್ಲಿ ಬಯಲು ಮಾಡಿತು. ಲೆಮಿಂಗುಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ನಂಬಿಕೆ ಅಷ್ಟರಲ್ಲಿ ಜಗತ್ತಿನ ತುಂಬ ಬೇರೂರಿ ಆಗಿತ್ತು.

ಅಂಕೋಲೆಯ ಹಾಲಕ್ಕಿ ಹೆಂಗಸರನ್ನು ಕ್ಯಾಮೆರಾ ಪ್ರೀತಿಸಲು ಕಾರಣ ಹೇಳಬೇಕಿಲ್ಲ. ಕೊರಳು ಮುಚ್ಚುವಷ್ಟು ಮಣಿಸರ, ರವಿಕೆಯಿಲ್ಲದೆ ಕಟ್ಟಿದ ಸೀರೆ, ಮೂಗುತಿ. ಸುಗ್ಗಿಯ ಕುಣಿತದಲ್ಲಿ ಗಂಡಸರ ತಲೆಯ ಮೇಲಿನ ತುರಾಯಿ. ಸುಗ್ಗಿ ಇರುವುದು ಹೋಳಿಯ ಆಸುಪಾಸಿಗೆ. ಹೊರಗಿನ ತಂಡ ಬರುವುದು ತನಗೆ ಬಿಡುವಾದಾಗ. ನವೆಂಬರಿನಲ್ಲಿ ತುರಾಯಿ ಕಟ್ಟಿಸಿ ಕುಣಿಸಿದರೆ ಕುಣಿತ ಸುಳ್ಳಲ್ಲ, ಕಾಲ ಸುಳ್ಳು. ಅದಕ್ಕಿಂತ ದೊಡ್ಡ ತೊಂದರೆ, ಚಂದ ಕಾಣುವುದನ್ನಷ್ಟೇ ಆರಿಸುತ್ತ ಹೋದರೆ ಕಾಲೇಜಿಗೆ ಹೋಗುವ ಹಾಲಕ್ಕಿ ಹುಡುಗಿ, ಬೈಕು ಓಡಿಸುವ ಹುಡುಗ, ಜಮೀನಿನ ಪಟ್ಟೆಗಾಗಿ ತಾಲೂಕು ಕಚೇರಿಯ ಕಂಬಕ್ಕೆ ಒರಗಿ ನಿಂತ ಮುದುಕ, ಇವರ್ಯಾರೂ ಚೌಕಟ್ಟಿನೊಳಗೆ ಬರುವುದಿಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹಾಡಿನ ಅಜ್ಜಿ ಎಂದು ಎಲ್ಲರೂ ಚಿತ್ರೀಕರಿಸಿದರು. ಊರಿನ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದ ಸುಕ್ರಜ್ಜಿ ಅಷ್ಟಾಗಿ ತೆರೆಗೆ ಬರಲಿಲ್ಲ. ಹಾಡು ಇಂಪು, ಜಗಳ ಕರ್ಕಶ.

ಗಿಡ ಬೆಳೆಸಿ ಹೆಸರಾದ ಹೊನ್ನಳ್ಳಿಯ ತುಳಸಿ ಗೌಡರದು ಇನ್ನೂ ವಿವರವಾಗಿ ನೋಡಬೇಕಾದ ಉದಾಹರಣೆ. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ಪಡೆದ ಅವರ ಚಿತ್ರ ದೇಶವನ್ನೆಲ್ಲ ಸುತ್ತಿತು. ಹೊನ್ನಳ್ಳಿಯಲ್ಲಿ ಬರಿಗಾಲು ಯಾರ ಕಣ್ಣಿಗೂ ಬೀಳುವ ಸಂಗತಿಯಲ್ಲ. ಕೆಂಪು ಹಾಸಿನ ಮೇಲೆ ಅದು ಮಹಾಕಾವ್ಯವಾಯಿತು. ಹಿನ್ನೆಲೆ ಬದಲಾದದ್ದೇ ಅರ್ಥ ಬದಲಾಗಲು ಸಾಕಾಯಿತು. ನಂತರ ಬಂದ ಕಿರುಚಿತ್ರಗಳಲ್ಲಿ, ವರದಿಗಳಲ್ಲಿ ಅವರು ನೆಟ್ಟ ಗಿಡಗಳ ಸಂಖ್ಯೆ ಒಂದು ಕಡೆ 30 ಸಾವಿರ, ಇನ್ನೊಂದು ಕಡೆ ಒಂದು ಲಕ್ಷ. ಎಣಿಸಿದವರು ಯಾರು ಎಂದು ಯಾರೂ ಕೇಳಲಿಲ್ಲ, ಸಂಗೀತದ ಮೇಲೆ ಮೂಡುವ ಅಂಕಿಗೆ ಲೆಕ್ಕಪತ್ರ ಬೇಕಾಗುವುದಿಲ್ಲ. ಅವರು ದಶಕಗಳ ಕಾಲ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ದುಡಿದವರು. ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು, ಯಾವುದನ್ನು ಹೇಗೆ ಮೊಳೆಸಬೇಕು ಎಂಬ ಅವರ ಅರಿವು ನಿಜಕ್ಕೂ ಬೆರಗಿನದು. ಆದರೆ ನರ್ಸರಿ ಒಬ್ಬರ ಕೆಲಸವಲ್ಲ. ಜೊತೆಗೆ ಚೀಲಕ್ಕೆ ಮಣ್ಣು ತುಂಬಿದ ಹೆಂಗಸರಿಗೆ ಹೆಸರಿಲ್ಲ. ಇಷ್ಟು ವರ್ಷ ದಿನಗೂಲಿಯಲ್ಲೇ ಯಾಕೆ ಇಟ್ಟರು ಎಂಬ ಪ್ರಶ್ನೆಯೂ, ಅದೇ ಇಲಾಖೆ ಅದೇ ಜಿಲ್ಲೆಯಲ್ಲಿ ಗುಡ್ಡಗಟ್ಟಲೆ ಅಕೇಶಿಯಾ ನೆಡಿಸಿತು ಎಂಬ ಸಂಗತಿಯೂ ವೃಕ್ಷಮಾತೆಯ ಕಥೆಯೊಳಗೆ ಕೂರುವುದಿಲ್ಲ. ಒಬ್ಬರನ್ನು ದೇವರ ಪೀಠಕ್ಕೆ ಏರಿಸಿದಾಗ ಅವರ ಸಂಬಳದ ಮಾತು ಅಪಚಾರವಾಗುತ್ತದೆ. ಮೆಚ್ಚುಗೆಯಿಂದಲೇ ಹುಟ್ಟುವ ಇಂಥ ಪಕ್ಷಪಾತ ನೋಡುಗನಿಗೆ ಕಾಣುವುದು ತೀರ ತಡವಾಗಿ.

ವನ್ಯಜೀವಿ ಚಿತ್ರಗಳಲ್ಲಿ ಇದೇ ಸಂಗತಿ ತಿರುವುಮುರುವಾಗಿ ನಡೆಯುತ್ತದೆ: ಅಲ್ಲಿ ಮನುಷ್ಯನೇ ಇರುವುದಿಲ್ಲ. ಡೇವಿಡ್ ಅಟೆನ್‌ಬರೊ ನಿರೂಪಿಸಿದ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ ಕೊಟ್ಟ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಟಾಕೀಸುಗಳಿಗೆ ಬಂದಾಗ ಕನ್ನಡಿಗರಿಗೆ ತಮ್ಮ ಕಾಡು ಇಷ್ಟು ಚೆಲುವೇ ಅನ್ನಿಸಿತು. ಅರಣ್ಯ ಇಲಾಖೆಯ ಸಹಕಾರದಿಂದ ತಯಾರಾದ ಚಿತ್ರ ಅದು, ಕ್ಯಾಮೆರಾ ಕೆಲಸ ನಿಜಕ್ಕೂ ಅದ್ಭುತ. ಆದರೆ ಈ ಬಗೆಯ ಎಷ್ಟೋ ಚಿತ್ರಗಳನ್ನು ನೋಡಿದವರಿಗೆ ಕಾಡೆಂದರೆ ಹುಲಿ, ಆನೆ, ಮಂಜು ಎಂದಷ್ಟೇ ಗೊತ್ತಾಗುತ್ತದೆ. ಕಾರವಾರದ ಬೆನ್ನಿಗಿರುವ ಕಾಳಿ ಹುಲಿ ಅಭಯಾರಣ್ಯದ ಸೀಮೆಯಲ್ಲಿ ಕುಣಬಿಗಳು ಗಡ್ಡೆಗೆಣಸು ಬೆಳೆದುಕೊಂಡು ಬಾಳುತ್ತಿದ್ದಾರೆ. ಜನರಿಲ್ಲದ ಕಾಡನ್ನು ಹತ್ತು ಸಲ ತೆರೆಯ ಮೇಲೆ ನೋಡಿದವರಿಗೆ, ಹನ್ನೊಂದನೆಯ ಸಲ ಜನರಿರುವ ಕಾಡು ಕಂಡಾಗ ಅವರೇ ಒತ್ತುವರಿದಾರರಂತೆ ತೋರುತ್ತಾರೆ. ಯಾವ ಚಿತ್ರವೂ ಹಾಗೆಂದು ಹೇಳಿಲ್ಲ. ಪ್ರಾಣಿಗಳ ಹೆಜ್ಜೆ ಸಪ್ಪಳ, ಎಲೆಯ ಸದ್ದು ಬಹುಪಾಲು ಸ್ಟುಡಿಯೋದಲ್ಲಿ ಸೇರಿಸಿದವು ಎಂಬುದು ಇದರ ಮುಂದೆ ಸಣ್ಣ ವಿಷಯ.

2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿ, ಅದರ ಬದಿಯ ಚಹಾ ಅಂಗಡಿಯನ್ನು ಗಂಗಾವಳಿಗೆ ತಳ್ಳಿತು. ಜೀವ ಕಳೆದುಕೊಂಡವರು ಹನ್ನೊಂದು ಮಂದಿ. ಅಂಗಡಿಯ ಕುಟುಂಬದ ಮಕ್ಕಳಿದ್ದರು. ನದಿಯಾಚೆಯ ಉಳುವರೆಯಲ್ಲಿ, ಉಕ್ಕಿ ಬಂದ ನೀರಿಗೆ ಸಿಕ್ಕವರಿದ್ದರು. ಸಾಕ್ಷ್ಯಚಿತ್ರಕ್ಕೂ ನೇರ ಪ್ರಸಾರಕ್ಕೂ ಗೆರೆ ಅಳಿಸಿಹೋದದ್ದು ಇಲ್ಲಿ. ಕೇರಳದ ಲಾರಿ ಚಾಲಕರೊಬ್ಬರು ಕಾಣೆಯಾಗಿದ್ದರಿಂದ ಮಲಯಾಳಂ ಚಾನೆಲ್ಲುಗಳ ವಾಹನಗಳು ಸಾಲುಗಟ್ಟಿ ಬಂದು ದಿನಗಟ್ಟಲೆ ಅಲ್ಲೇ ನಿಂತವು. ಲಾರಿ ಸಿಗುವವರೆಗೆ, ಅಂದರೆ ಸೆಪ್ಟೆಂಬರ್ 25ರವರೆಗೆ, 71 ದಿನ ಆ ಒಂದು ಹೆಸರು ಕೇರಳದ ಮನೆಮನೆಯಲ್ಲಿತ್ತು. ಆ ಒತ್ತಡ ಇಲ್ಲದಿದ್ದರೆ ಗೋವಾದಿಂದ ಡ್ರೆಜ್ಜರ್ ತರಿಸಿ ಹೂಳೆತ್ತುವವರೆಗೆ ಹುಡುಕಾಟ ಮುಂದುವರಿಯುತ್ತಿತ್ತೇ ಎಂಬುದು ಸಂದೇಹ. ಕ್ಯಾಮೆರಾದ ಒಲವಿನಿಂದ ಒಳ್ಳೆಯದೂ ಆಗುತ್ತದೆ.

ಬೆಲೆ ಮಾತ್ರ ಬೇರೆಯವರು ತೆತ್ತರು. ಒಬ್ಬ ಮನುಷ್ಯ, ಒಂದು ಫೋಟೋ, ಕಾಯುತ್ತಿರುವ ಒಂದು ಮನೆ ಇದ್ದರೆ ಎದೆ ಕರಗುತ್ತದೆ. ಹನ್ನೊಂದು ಎಂಬುದು ಅಂಕಿಯಾಗಿಬಿಡುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ಬಹಳ ಕಾಲದಿಂದ ಗುರುತಿಸಿದ್ದಾರೆ, ಚಿತ್ರ ಮಾಡುವವರಿಗೆ ಅದು ಅನುಭವದಿಂದಲೇ ಗೊತ್ತು. ಕಥೆಗೆ ನಾಯಕ ಬೇಕು, ನಾಯಕನಿಗೆ ಖಳ ಬೇಕು. ಕೇರಳದ ನೋಡುಗನಿಗೆ ಖಳನಾಗಿ ಕಂಡದ್ದು ಕರ್ನಾಟಕದ ಆಡಳಿತ; ಇಲ್ಲಿನವರಿಗೆ ಕಂಡದ್ದು ತಮ್ಮ ಸತ್ತವರನ್ನು ಮರೆತ ಕೇರಳದ ಕ್ಯಾಮೆರಾ. ಹೆದ್ದಾರಿ ಅಗಲಿಸಲು ಗುಡ್ಡವನ್ನು ಎಷ್ಟು ಕಡಿದಾಗಿ ಕತ್ತರಿಸಿದ್ದರು, ಜಂಬಿಟ್ಟಿಗೆ ಮಣ್ಣು ನೀರು ಕುಡಿದಾಗ ಏನಾಗುತ್ತದೆ, ಆ ದಾರಿಯಲ್ಲಿ ಇಂಥ ಗುಡ್ಡ ಇನ್ನೆಷ್ಟಿವೆ ಎಂಬ ಪ್ರಶ್ನೆಗಳಿಗೆ ಮುಖವಿಲ್ಲ, ಕಣ್ಣೀರಿಲ್ಲ. ಅವು ಎರಡೂ ಭಾಷೆಯ ಪರದೆಗಳಲ್ಲಿ ಹಿಂದೆ ಬಿದ್ದವು.

ಪಕ್ಷ ವಹಿಸುವುದೇ ತಪ್ಪು ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಶೇಖರ್ ದತ್ತಾತ್ರಿ 2001ರಲ್ಲಿ ಕುದುರೆಮುಖದ ಗಣಿಗಾರಿಕೆಯ ಬಗ್ಗೆ ಒಂದು ಕಿರುಚಿತ್ರ ಮಾಡಿದರು. ‘ಮೈಂಡ್‌ಲೆಸ್ ಮೈನಿಂಗ್’ ಎಂದೇ ಅದರ ಹೆಸರು. ಹೆಸರಿನ ಎರಡನೇ ಸಾಲಿನಲ್ಲಿ ದುರಂತ ಎಂಬ ಮಾತೂ ಇದೆ. ಗಣಿಯ ಪರ ವಿರೋಧಗಳನ್ನು ತೂಗುತ್ತೇನೆಂದು ಅದು ನಟಿಸಲಿಲ್ಲ. ಭದ್ರಾ ನದಿ ಕೆಂಪಾಗಿ ಹರಿಯುವುದನ್ನು ತೋರಿಸಿ, ಇದು ನಿಲ್ಲಬೇಕು ಎಂದಿತು. ಸುಪ್ರೀಂ ಕೋರ್ಟಿನಲ್ಲಿ ನಡೆದ ಮೊಕದ್ದಮೆಗೆ ಜನಾಭಿಪ್ರಾಯದ ಬಲ ಕೂಡಿಸಿತು. 2002ರ ಆದೇಶದಂತೆ 2005ರ ಕೊನೆಯ ದಿನ ಗಣಿ ಮುಚ್ಚಿತು. ಆನಂದ್ ಪಟವರ್ಧನ್, ಬೆಂಗಳೂರಿನ ದೀಪಾ ಧನರಾಜ್ ಇವರ ಚಿತ್ರಗಳೂ ತಮ್ಮ ಪಕ್ಷವನ್ನು ಮರೆಮಾಚುವುದಿಲ್ಲ. ಹಣೆಯ ಮೇಲೆ ಬರೆದುಕೊಂಡ ಪಕ್ಷವನ್ನು ನೋಡುಗ ಒಪ್ಪಬಹುದು, ಜಗಳವಾಡಬಹುದು. ತಾಳಮದ್ದಲೆಯ ಅರ್ಥಧಾರಿಯೂ ತಾನು ವಾಲಿ ಎಂದು ಹೇಳಿಯೇ ಮಾತು ಶುರುಮಾಡುತ್ತಾನೆ. ತೊಡಕಿರುವುದು ‘ನಾವು ಕಂಡದ್ದನ್ನು ತೋರಿಸುತ್ತಿದ್ದೇವೆ, ಅಷ್ಟೆ’ ಎನ್ನುವ ಚಿತ್ರಗಳಲ್ಲಿ. ದುಡ್ಡು ಯಾರದು ಎಂಬುದು ಕೊನೆಯ ಅಕ್ಷರಪಟ್ಟಿಯಲ್ಲಿ, ಜನ ಎದ್ದು ಚಪ್ಪಲಿ ಹುಡುಕುವಾಗ, ಸಣ್ಣಕ್ಷರದಲ್ಲಿ ಓಡಿಹೋಗುತ್ತದೆ.

ಇವಕ್ಕೆಲ್ಲ ಕಡಿವಾಣ ಕಾನೂನಿನಿಂದ ಬರುವಂಥದ್ದಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಸಾಕ್ಷ್ಯಚಿತ್ರಕ್ಕೂ ಸೆನ್ಸಾರ್ ಪತ್ರ ಬೇಕು. ಚಿತ್ರಗಳ ಸೆನ್ಸಾರ್ ಸಂವಿಧಾನಬದ್ಧವೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟು 1970ರಲ್ಲಿ ತೀರ್ಮಾನಿಸಿದ್ದೇ ಕೆ.ಎ. ಅಬ್ಬಾಸರ ಒಂದು ಸಾಕ್ಷ್ಯಚಿತ್ರದ ದಾವೆಯಲ್ಲಿ. ಆದರೆ ಸೆನ್ಸಾರ್ ಮಂಡಳಿ ಕತ್ತರಿಸುವುದು ಚಿತ್ರದಲ್ಲಿ ಇರುವುದನ್ನು. ಇಲ್ಲದ್ದನ್ನು ಸೇರಿಸು ಎಂದು ಹೇಳುವ ಮಂಡಳಿ ಎಲ್ಲಿಯೂ ಇಲ್ಲ.

ಪಾಟೀಸವಾಲಿಗೆ ಹತ್ತಿರದ ಒಂದು ಪ್ರಯೋಗ ಪ್ಯಾರಿಸಿನಲ್ಲಿ ನಡೆಯಿತು. ಜಾನ್ ರೂಷ್ ಮತ್ತು ಎಡ್ಗರ್ ಮೊರಾನ್ 1961ರ ‘ಕ್ರಾನಿಕಲ್ ಆಫ್ ಎ ಸಮ್ಮರ್’ಗಾಗಿ ನಗರದ ಸಾಮಾನ್ಯರನ್ನು ಮಾತಾಡಿಸಿ ಚಿತ್ರೀಕರಿಸಿದರು. ಆಮೇಲೆ ಅವರನ್ನೇ ಒಂದು ಕೋಣೆಯಲ್ಲಿ ಕೂರಿಸಿ ತೆಗೆದದ್ದನ್ನು ತೋರಿಸಿದರು. ಇದು ನಟನೆ ಎಂದರು ಕೆಲವರು. ಇಷ್ಟು ಬೆತ್ತಲಾಗಿ ಯಾರನ್ನೂ ತೋರಿಸಬಾರದು ಎಂದರು ಇನ್ನು ಕೆಲವರು. ಆ ಜಗಳವನ್ನೂ ಚಿತ್ರದಲ್ಲೇ ಸೇರಿಸಲಾಯಿತು. ಅಂಕೋಲೆಯ ಗದ್ದೆಯಲ್ಲೋ ಕಾರವಾರದ ಬೈತಖೋಲದ ದಕ್ಕೆಯಲ್ಲೋ ತೆಗೆದ ಚಿತ್ರ ಮುಂಬೈ, ದಿಲ್ಲಿಯ ಉತ್ಸವಗಳನ್ನು ಸುತ್ತಿ, ಬಹುಮಾನ ಪಡೆದು, ಯೂಟ್ಯೂಬಿಗೆ ಇಂಗ್ಲಿಷ್ ಅಡಿಬರಹದೊಂದಿಗೆ ಬರುವುದುಂಟು. ಶಾಲೆಯ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ, ಅದರಲ್ಲಿ ಮಾತಾಡಿದವರ ಎದುರಿಗೇ ತೋರಿಸುವ ನಿರ್ದೇಶಕರು ಕಡಿಮೆ. ಪ್ಯಾರಿಸಿನ ಚಿತ್ರದ ಕೊನೆಯಲ್ಲಿ, ಎಲ್ಲರೂ ಎದ್ದುಹೋದ ಮೇಲೆ, ಇಬ್ಬರು ನಿರ್ದೇಶಕರು ಮ್ಯೂಸಿಯಮ್ಮೊಂದರ ಉದ್ದನೆಯ ಮೊಗಸಾಲೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾರೆ; ತಾವು ಮಾಡಿದ್ದು ಎಲ್ಲಿ ಸರಿಹೋಯಿತು, ಎಲ್ಲಿ ತಪ್ಪಿತು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ.